ಮೂರು ಕಾಗದ, ಮೂರು ವಯಸ್ಸು: ದಾವಣಗೆರೆಯ ಒಂದು ಕೊಲೆ ಪ್ರಕರಣ

ಹುಡುಗ ಒಬ್ಬನೇ. ಆಧಾರ್ ಕಾರ್ಡ್ ಪ್ರಕಾರ ಅವನಿಗೆ 18 ವರ್ಷ 9 ತಿಂಗಳು. ಶಾಲೆಯ ದಾಖಲಾತಿ ಪುಸ್ತಕದ ಪ್ರಕಾರ 17 ವರ್ಷ 4 ತಿಂಗಳು. ಅವನು ಹುಟ್ಟಿದ ಊರಿನ ಜನನ ದಾಖಲೆ ಪ್ರಕಾರ 15 ವರ್ಷ 11 ತಿಂಗಳು. ಅವನ ಮೇಲಿರುವ ಆರೋಪ ಕೊಲೆ.

ಮೊದಲ ಕಾಗದ ನಂಬಿದರೆ ಅವನು ದೊಡ್ಡವರ ಜೊತೆ ಸೆಷನ್ಸ್ ಕೋರ್ಟಿಗೆ ಹೋಗುತ್ತಾನೆ. ಅಲ್ಲಿ ಕೊಲೆಗೆ ಇರುವುದು ಎರಡೇ ಶಿಕ್ಷೆ, ಮರಣದಂಡನೆ ಅಥವಾ ಜೀವಾವಧಿ. ಎರಡನೆಯದನ್ನು ನಂಬಿದರೆ ಬಾಲ ನ್ಯಾಯ ಮಂಡಳಿಗೆ ಹೋಗುತ್ತಾನೆ. ಆದರೆ ಮಂಡಳಿ ಬೇಕೆಂದರೆ ಅವನನ್ನು ದೊಡ್ಡವರಂತೆ ವಿಚಾರಣೆಗೆ ಕಳಿಸಬಹುದು. ಮೂರನೆಯದನ್ನು ನಂಬಿದರೆ ಆ ಮಾತೇ ಏಳುವುದಿಲ್ಲ. ಆರೋಪ ಪೂರ್ತಿ ಸಾಬೀತಾದರೂ ತಪ್ಪು ಮಾಡಿದ ಮಕ್ಕಳನ್ನು ಇಡುವ ವಿಶೇಷ ಗೃಹದಲ್ಲಿ ಜಾಸ್ತಿ ಅಂದರೆ 3 ವರ್ಷ.

ಹುಡುಗ ತಪ್ಪು ಮಾಡಿದನೋ ಇಲ್ಲವೋ ಎಂದು ಯಾರೂ ಕೇಳುವ ಮೊದಲೇ ಇಷ್ಟೆಲ್ಲ ತೀರ್ಮಾನವಾಗಿಬಿಡುತ್ತದೆ. ಇಂಥ ಕೇಸ್‌ಗಳಲ್ಲಿ ನಿಜವಾದ ಜಟಾಪಟಿ ಸಾಕ್ಷಿ ಕಟ್ಟೆಯಲ್ಲಿ ನಡೆಯುವುದಿಲ್ಲ, ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಬರೆದ ಒಂದು ಸಾಲಿನ ಮೇಲೆ ನಡೆಯುತ್ತದೆ.

ಮೊದಲೇ ಒಂದು ಮಾತು. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಇಂಥ ಕೇಸ್‌ಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಬೆರೆಸಿ ಒಬ್ಬ ಹುಡುಗನ ಸುತ್ತ ಕಟ್ಟಿದ ಪ್ರಕರಣ ಇದು. ಕಾನೂನು, ಕಲಮು, ಸುಪ್ರೀಂ ಕೋರ್ಟಿನ ತೀರ್ಪುಗಳು ಮಾತ್ರ ನಿಜ. ಹೀಗೆ ಕಟ್ಟಲು ಕಾರಣವೂ ಕಾನೂನೇ. ಬಾಲ ನ್ಯಾಯ ಕಾಯ್ದೆ 2015ರ 74ನೇ ಕಲಮಿನ ಪ್ರಕಾರ ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಪ್ರಕಟಿಸಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ತೇಲಿಬಿಡುವವರಿಗೆ ಇದು ಗೊತ್ತಿರುವುದು ಕಡಿಮೆ.

ಆ ರಾತ್ರಿ

ದಾವಣಗೆರೆಯ ಮಂಡಕ್ಕಿ ಭಟ್ಟಿ ಗೊತ್ತಿಲ್ಲದವರು ಊರಲ್ಲಿ ಯಾರೂ ಇಲ್ಲ. ನೆಲ್ಲು ನೆನೆಸುವುದು, ಬೇಯಿಸುವುದು, ಒಣಗಿಸುವುದು, ಕಾದ ಮರಳಲ್ಲಿ ಹುರಿಯುವುದು, ಚೀಲ ತುಂಬಿ ಹೊಲಿಯುವುದು. ಕೆಲಸ ನಸುಕಿಗೂ ಮುಂಚೆ ಶುರುವಾಗುತ್ತದೆ. ಹುಡುಗನ ತಾಯಿ ಅಲ್ಲಿ ಕೂಲಿ. ತಾಯಿಯ ತಮ್ಮನೂ ಅಲ್ಲೇ. ಅಂದರೆ ಹುಡುಗನ ಸೋದರಮಾವ, ವಯಸ್ಸು 23. ಹುಡುಗ ಶಾಲೆ ಬಿಟ್ಟಿದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿದಾಗ ಏಳನೇ ಕ್ಲಾಸು. ಮತ್ತೆ ತೆರೆದಾಗ ಅವನು ಹೋಗಲಿಲ್ಲ, ಭಟ್ಟಿಗೆ ಹೋದ. 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಅಪರಾಧ. ಅದರ ಬಗ್ಗೆ ಆಗ ಯಾರೂ ಕೇಳಲಿಲ್ಲ.

2024ರ ಅಕ್ಟೋಬರ್. ಮಾವನಿಗೂ ಪಕ್ಕದ ಬೀದಿಯ 24 ವರ್ಷದ ಒಬ್ಬ ಯುವಕನಿಗೂ ಕೈಸಾಲದ ತಕರಾರು. ಮೂರು ಸಾವಿರ ರೂಪಾಯಿ. ರಾತ್ರಿ ಹತ್ತೂವರೆ ಹೊತ್ತಿಗೆ ಮಾವ ಹುಡುಗನಿಗೆ ಫೋನ್ ಮಾಡಿದ. ‘ಭಟ್ಟೀಲಿ ಚೀಲದ ದಾರ ಕೊಯ್ಯೋ ಚಾಕು ಐತಲ್ಲ, ತಗಂಡ್ ಬಾರಲೇ’ ಅಂದ. ಹುಡುಗ ಬೈಕಿನಲ್ಲಿ ತಂದು ಕೊಟ್ಟ. ಅಲ್ಲಿ ಮಾವ, ಮಾವನ ಗೆಳೆಯ, ಆ ಯುವಕ. ಮಾತಿಗೆ ಮಾತು ಬೆಳೆಯಿತು. ಒಂದೇ ಇರಿತ, ಹೊಟ್ಟೆಗೆ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಅವನು ತೀರಿಕೊಂಡ.

ಮಾವ ಚಾಕುವನ್ನು ಹುಡುಗನ ಕೈಗೆ ಕೊಟ್ಟು ‘ಎಲ್ಲಾದ್ರೂ ಒಗದು ಬಾ’ ಅಂದ. ಹುಡುಗ ಭಟ್ಟಿಯ ಹಿಂದಿನ ಹೊಟ್ಟಿನ ರಾಶಿಯೊಳಗೆ ಅದನ್ನು ತುರುಕಿದ.

ಇಷ್ಟರಲ್ಲಿ ಎಲ್ಲರೂ ಒಪ್ಪುವ ಸಂಗತಿ ಎರಡೇ: ಚಾಕು ತಂದವನು ಹುಡುಗ, ಬಚ್ಚಿಟ್ಟವನೂ ಹುಡುಗ. ಮಧ್ಯದಲ್ಲಿ ಆದದ್ದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ.

ಆಧಾರ್ ಹೇಳಿದ ವಯಸ್ಸು

ಮರುದಿನ ಮೂವರನ್ನೂ ಹಿಡಿದರು. ಠಾಣೆಯಲ್ಲಿ ಹುಡುಗ ‘ನಾನೇ ಚುಚ್ಚಿದೆ’ ಅಂದ. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಕೇಳಿದಾಗ ಕಾರಣ ಹೊರಬಿತ್ತು. ಜೀಪಿನಲ್ಲಿ ಬರುವಾಗ ಮಾವ ಕಿವಿಯಲ್ಲಿ ಹೇಳಿದ್ದನಂತೆ: ‘ನೀನು ಸಣ್ಣೋನು, ನಿನಗೆ ಏನೂ ಆಗಲ್ಲ. ಒಪ್ಕ್ಯಂಡ್ ಬಿಡು, ಮೂರ್ ವರ್ಷಕ್ಕೆ ಹೊರಗೆ ಬರ್ತೀಯ.’

ಮೂರು ವರ್ಷ ಎನ್ನುವ ಲೆಕ್ಕ ಜನರಿಗೆ ಚೆನ್ನಾಗಿ ಗೊತ್ತು. 2012ರ ದೆಹಲಿಯ ನಿರ್ಭಯಾ ಪ್ರಕರಣದ ನಂತರ ಅದು ಮನೆಮಾತಾಯಿತು. ಆ ಕಾರಣಕ್ಕೇ ಕಾನೂನು ಬದಲಾಗಿ, 16 ದಾಟಿದವರಿಗೆ ಬೇರೆ ದಾರಿ ಬಂದದ್ದು ಮಾತ್ರ ಅಷ್ಟು ಜನರಿಗೆ ಗೊತ್ತಿಲ್ಲ. ಮಾವನಿಗೂ ಗೊತ್ತಿರಲಿಲ್ಲ.

ಮಾವನ ಲೆಕ್ಕ ಇನ್ನೊಂದು ಕಡೆಯೂ ಕೈಕೊಟ್ಟಿತು. ಪೊಲೀಸರು ಹುಡುಗನ ಆಧಾರ್ ತೆಗೆದು ನೋಡಿದರು. 1-1-2006. ಅಂದರೆ 18 ದಾಟಿದೆ. ಬೇರೆ ಏನನ್ನೂ ಕೇಳದೆ ದೊಡ್ಡವರ ಪಟ್ಟಿಗೆ ಸೇರಿಸಿದರು, ಭಾರತೀಯ ನ್ಯಾಯ ಸಂಹಿತೆ 103(1) ಜೊತೆಗೆ 3(5). ಮೊದಲನೆಯದು ಕೊಲೆ, ಎರಡನೆಯದು ಎಲ್ಲರೂ ಒಂದೇ ಉದ್ದೇಶದಿಂದ ಮಾಡಿದರು ಎನ್ನುವ ಕಲಮು. ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಿದರು. ನ್ಯಾಯಾಂಗ ಬಂಧನ ಆಯಿತು. ಹುಡುಗ ಮಾವನ ಜೊತೆಗೇ ಜೈಲಿಗೆ ಹೋದ.

ಅನುಮಾನ ಬಂದಿದ್ದರೆ ಏನು ಮಾಡಬೇಕಿತ್ತು? ಕಾಯ್ದೆಯ 10ನೇ ಕಲಮು ಸ್ಪಷ್ಟವಾಗಿದೆ. ಮಗುವನ್ನು ಲಾಕಪ್ಪಿನಲ್ಲೂ ಇಡುವಂತಿಲ್ಲ, ಜೈಲಿನಲ್ಲೂ ಇಡುವಂತಿಲ್ಲ. ವಿಶೇಷ ಬಾಲ ಪೊಲೀಸ್ ಘಟಕದ ಅಥವಾ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ವಶಕ್ಕೆ ಕೊಡಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಂಡಳಿ ಮುಂದೆ ಕರೆದುಕೊಂಡು ಹೋಗಬೇಕು. ಯೂನಿಫಾರಂ ಹಾಕಿಕೊಂಡು ಮಾತಾಡಿಸುವಂತಿಲ್ಲ, ಕೈಕೋಳ ಹಾಕುವಂತಿಲ್ಲ. ಮೀಸೆ ಸರಿಯಾಗಿ ಮೂಡದ ಹುಡುಗನ ಮುಖ ನೋಡಿಯೂ ಯಾರಿಗೂ ಅನುಮಾನ ಬರಲಿಲ್ಲ ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಕಾರ್ಡ್ ಇತ್ತು, ಕೆಲಸ ಸಲೀಸಾಯಿತು ಅಷ್ಟೆ.

ಆ 1-1-2006 ಎಲ್ಲಿಂದ ಬಂತು? ಬೀದಿಯಲ್ಲಿ ಆಧಾರ್ ಕ್ಯಾಂಪ್ ಹಾಕಿದ್ದಾಗ ತಾಯಿ ಬಾಯಿಮಾತಿನಲ್ಲಿ ಒಂದು ಅಂದಾಜು ವಯಸ್ಸು ಹೇಳಿದ್ದಳು. ಕಂಪ್ಯೂಟರ್ ಮುಂದೆ ಕೂತವನು ವರ್ಷ ಹಾಕಿ, ಜನವರಿ ಒಂದು ಸೇರಿಸಿದ. ನಮ್ಮ ಕಡೆ ಹೊಸ ವರ್ಷದ ದಿನವೇ ಹುಟ್ಟಿದವರು ಎಷ್ಟು ಜನ ಇದ್ದಾರೆ ಎಂದು ಒಮ್ಮೆ ಮನೆಯ ಕಾರ್ಡುಗಳನ್ನು ತೆಗೆದು ನೋಡಿ. ಹುಡುಗನೂ ತಿದ್ದಿಸಲು ಹೋಗಲಿಲ್ಲ. ದೊಡ್ಡವನು ಎಂದು ತೋರಿಸುವ ಕಾರ್ಡು ಭಟ್ಟಿ ಕೆಲಸಕ್ಕೂ ಬೈಕಿಗೂ ಅನುಕೂಲವೇ ಆಗಿತ್ತು.

ತಾಯಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟಳು. ಉಚಿತವಾಗಿ ಒಬ್ಬ ವಕೀಲೆ ಸಿಕ್ಕರು. ವಕೀಲೆ ಜಾಮೀನಿಗೆ ಕೈ ಹಾಕಲಿಲ್ಲ. ಮೊದಲು ಶಾಲೆಗೆ ಹೋಗಿ ಜನ್ಮ ದಿನಾಂಕ ಬರೆಸಿಕೊಂಡು ಬಂದರು: 1-6-2007. ಮ್ಯಾಜಿಸ್ಟ್ರೇಟ್ ಮುಂದೆ 9ನೇ ಕಲಮಿನಡಿ ಅರ್ಜಿ ಹಾಕಿದರು. ‘ನಾನು ಮಗು’ ಎಂದು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ, ಕೇಸು ಮುಗಿದ ಮೇಲೂ ಹೇಳಿಕೊಳ್ಳಲು ಆ ಕಲಮು ಅವಕಾಶ ಕೊಡುತ್ತದೆ. ನೋಡಬೇಕಾದದ್ದು ಅಪರಾಧ ನಡೆದ ದಿನದ ವಯಸ್ಸು. ಹಿಡಿದ ದಿನದ್ದಲ್ಲ, ತೀರ್ಪಿನ ದಿನದ್ದಲ್ಲ.

ಆಧಾರ್ ಬಗ್ಗೆ ವಾದ ಬೇಗ ಮುಗಿಯಿತು. 2024ರ ಅಕ್ಟೋಬರ್ 24ರಂದು, ಅಂದರೆ ಈ ಘಟನೆ ನಡೆದ ಹೊಸತರಲ್ಲೇ, ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಆಧಾರ್ ಜನ್ಮ ದಿನಾಂಕಕ್ಕೆ ಪುರಾವೆಯಲ್ಲ ಎಂದು ಹೇಳಿತ್ತು. ಆಧಾರ್ ಕೊಡುವ ಪ್ರಾಧಿಕಾರವೇ 2023ರ ಸುತ್ತೋಲೆಯಲ್ಲಿ ಹಾಗೆ ಹೇಳಿದೆ. ಅದು ಗುರುತಿನ ಚೀಟಿ, ವಯಸ್ಸಿನ ಚೀಟಿ ಅಲ್ಲ. ಸರ್ಕಾರಿ ವಕೀಲರು ಮೂಳೆ ಪರೀಕ್ಷೆ ಮಾಡಿಸಿ ಎಂದರು. ಅದಕ್ಕೂ ಜಾಗವಿರಲಿಲ್ಲ. 94ನೇ ಕಲಮು ಕ್ರಮ ಹಾಕಿಕೊಟ್ಟಿದೆ. ಮೊದಲು ಶಾಲೆಯ ಜನ್ಮ ದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದು ಇಲ್ಲದಿದ್ದರೆ ಪಾಲಿಕೆ, ಪುರಸಭೆ, ಪಂಚಾಯಿತಿ ಕೊಟ್ಟ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಕಾಗದ ಇರುವಾಗ ಎಕ್ಸ್‌ರೇ ಬೇಡ.

ಹುಡುಗ ಜೈಲಿನಿಂದ ವೀಕ್ಷಣಾಲಯಕ್ಕೆ, ಅಂದರೆ ಕೇಸು ನಡೆಯುವಾಗ ಮಕ್ಕಳನ್ನು ಇಡುವ ಮನೆಗೆ ಬಂದ. ಅಷ್ಟು ದಿನ ದೊಡ್ಡವರ ಜೊತೆ ಇದ್ದದ್ದಕ್ಕೆ ಲೆಕ್ಕ ಕೇಳುವವರು ಯಾರೂ ಇರಲಿಲ್ಲ.

ಜೂನ್ ಒಂದರ ಮಕ್ಕಳು

ಬಾಲ ನ್ಯಾಯ ಮಂಡಳಿಯ ಕೋಣೆ ನೋಡಿದವರಿಗೆ ಇದೇನು ಕೋರ್ಟಾ ಅನ್ನಿಸುತ್ತದೆ. ಎತ್ತರದ ವೇದಿಕೆ ಇಲ್ಲ, ಕಟಕಟೆ ಇಲ್ಲ. ಸಿನಿಮಾದಲ್ಲಿ ಬಡಿಯುವ ಮರದ ಸುತ್ತಿಗೆಯಂತೂ ನಮ್ಮ ಯಾವ ಕೋರ್ಟಿನಲ್ಲೂ ಇಲ್ಲ ಬಿಡಿ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವಕ ಸದಸ್ಯರು. ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಎಲ್ಲರೂ ಒಂದೇ ಮಟ್ಟದ ಕುರ್ಚಿಗಳಲ್ಲಿ ಕೂರುತ್ತಾರೆ. ಕೋರ್ಟ್ ಆವರಣದಲ್ಲಿ ಮಂಡಳಿ ನಡೆಸುವಂತಿಲ್ಲ ಎಂದು ನಿಯಮವೇ ಇದೆ.

ಮಂಡಳಿ ಶಾಲೆಯ ಪತ್ರ ನೋಡಿ ವಯಸ್ಸು 17 ಎಂದು ಬರೆಯಿತು. ಆಗ ಯಾರೂ ತಕರಾರು ಮಾಡಲಿಲ್ಲ. ಜಾಮೀನೂ ಸಿಕ್ಕಿತು. ಮಕ್ಕಳ ವಿಷಯದಲ್ಲಿ ಅಪರಾಧ ಜಾಮೀನಿಗೆ ಯೋಗ್ಯವೋ ಅಲ್ಲವೋ ಎನ್ನುವ ಪ್ರಶ್ನೆ ಇಲ್ಲ, 12ನೇ ಕಲಮಿನ ಪ್ರಕಾರ ಬಿಡುವುದೇ ನಿಯಮ. ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ನ್ಯಾಯದ ಉದ್ದೇಶ ಕೆಡುತ್ತದೆ ಎಂದು ನಂಬಲು ಕಾರಣ ಇದ್ದರೆ ಮಾತ್ರ ತಡೆಯಬಹುದು. ಸತ್ತ ಯುವಕನ ಮನೆ ಪಕ್ಕದ ಬೀದಿಯಲ್ಲೇ. ಆದ್ದರಿಂದ ದಾವಣಗೆರೆ ಬಿಟ್ಟು ಜಗಳೂರು ತಾಲ್ಲೂಕಿನ ಅಜ್ಜಿ ಊರಿನಲ್ಲಿರಬೇಕು ಎಂದು ಷರತ್ತು ಹಾಕಿದರು.

ಇಲ್ಲಿಂದ ಕೇಸು ತಿರುಗಿತು. ತಿರುಗಿಸಿದವರು ವಕೀಲರಲ್ಲ, ಪರಿವೀಕ್ಷಣಾಧಿಕಾರಿ.

ಮಂಡಳಿ ಮುಂದೆ ಬಂದ ಪ್ರತಿ ಮಗುವಿನ ಬಗ್ಗೆ ಈ ಅಧಿಕಾರಿ ಎರಡು ವಾರದಲ್ಲಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆ ಹೇಗಿದೆ, ಯಾರು ದುಡಿಯುತ್ತಾರೆ, ಶಾಲೆ ಯಾಕೆ ಬಿಟ್ಟ, ಗೆಳೆಯರು ಯಾರು. ಎಷ್ಟೋ ವರದಿಗಳು ಇದ್ದ ಜಾಗ ತುಂಬಿಸಿದಂತಿರುತ್ತವೆ. ಈ ಅಧಿಕಾರಿ ಹಾಗಲ್ಲ, ಮನೆಗೆ ಹೋಗಿ ಕೂತವರು. ಫಾರಂನಲ್ಲಿ ಮನೆಯವರ ಪಟ್ಟಿ ಬರೆಯುವ ಜಾಗವಿದೆ. ಅಕ್ಕ, 17. ತಮ್ಮ, 17.

‘ಅವಳಿ ಮಕ್ಕಳೇನಮ್ಮ?’ ಎಂದು ಕೇಳಿದರು.

‘ಅಯ್ಯೋ, ಅವಳಿ ಎಲ್ಲಿಂದ ಬರ್ಬೇಕು ಸಾರ್. ಇವನು ಹುಟ್ಟಿದಾಗ ಅವ್ಳಿಗೆ ಇನ್ನೂ ಎರಡು ತುಂಬಿರ್ಲಿಲ್ಲ. ಎತ್ಕಂಡೇ ಇದ್ದೆ.’

ಅಕ್ಕ ಹುಟ್ಟಿದ್ದು 2007ರ ಫೆಬ್ರವರಿಯಲ್ಲಿ. ಶಾಲೆಯ ಪುಸ್ತಕದ ಪ್ರಕಾರ ತಮ್ಮ ಹುಟ್ಟಿದ್ದು 2007ರ ಜೂನ್ ಒಂದಕ್ಕೆ. ಮಧ್ಯೆ ನಾಲ್ಕು ತಿಂಗಳು.

ಆದದ್ದು ಇಷ್ಟೇ. 2013ರ ಜೂನಿನಲ್ಲಿ ತಾಯಿ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಹೋದಳು. ಚಿಕ್ಕವನನ್ನು ಬಿಟ್ಟು ಬರಲು ಮನೆಯಲ್ಲಿ ಯಾರೂ ಇರಲಿಲ್ಲ. ಭಟ್ಟಿಗೆ ಕರೆದುಕೊಂಡು ಹೋದರೆ ಹೊಗೆ, ಬೆಂಕಿ, ಕಾದ ಮರಳು. ‘ಇವನನ್ನೂ ಕೂರಿಸ್ಕಳಿ ಮೇಷ್ಟ್ರೇ’ ಅಂದಳು. ಹುಡುಗನಿಗೆ ಆಗ ಐದೂ ತುಂಬಿರಲಿಲ್ಲ. ಮೇಷ್ಟ್ರು ಪಾಪ ಎಂದುಕೊಂಡರು. ವಯಸ್ಸು ಹೊಂದುವಂತೆ ಒಂದು ದಿನಾಂಕ ಹಾಕಿದರು. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಹಾಗಾಗಿ ಜೂನ್ ಒಂದು. ಆರು ವರ್ಷ ತುಂಬಿದ ಹಾಗೂ ಆಯಿತು. ನಮ್ಮ ಹಳ್ಳಿ, ಪೇಟೆಗಳಲ್ಲಿ ಜೂನ್ ಒಂದರ ಹುಟ್ಟುಹಬ್ಬದವರು ರಾಶಿ ರಾಶಿ ಇರುವುದು ಹೀಗೆಯೇ. ರಿಟೈರ್ ಆಗುವ ದಿನ ಒಂದೇ ಕಚೇರಿಯ ಮೂರು ನಾಲ್ಕು ಜನರಿಗೆ ಒಟ್ಟಿಗೆ ಹಾರ ಹಾಕುವುದನ್ನು ನೋಡಿಲ್ಲವೇ?

ಆ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಮಗುವಿಗೆ ನೆರಳು ಕೊಡಲು ಅವರು ಬರೆದ ಸಾಲು ಅದು. ಹನ್ನೊಂದು ವರ್ಷದ ನಂತರ ಕೊಲೆ ಕೇಸಿನಲ್ಲಿ ಅದನ್ನು ಓದುತ್ತಾರೆ ಎಂದು ಯಾರು ಊಹಿಸುತ್ತಾರೆ?

ಹದಿನಾರಕ್ಕೆ ಒಂದು ತಿಂಗಳು ಬಾಕಿ

ಈ ವರದಿ ಕೈಗೆ ಬರುವ ಹೊತ್ತಿಗೆ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಶುರು ಮಾಡಿತ್ತು. 16 ದಾಟಿದ ಮಗು ಘೋರ ಅಪರಾಧ ಮಾಡಿದ ಆರೋಪವಿದ್ದರೆ 15ನೇ ಕಲಮಿನಡಿ ಇದು ಆಗಲೇಬೇಕು. ಘೋರ ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಜಾಸ್ತಿ ಇರುವ ಅಪರಾಧ. ಕೊಲೆ ಅದರಲ್ಲಿ ಬರುತ್ತದೆ. ಕೊಲೆ ಯತ್ನ ಬರುವುದಿಲ್ಲ, ಯಾಕೆಂದರೆ ಅದಕ್ಕೆ ಕನಿಷ್ಠ ಶಿಕ್ಷೆ ಹೇಳಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಶಿಲ್ಪಾ ಮಿತ್ತಲ್ ಪ್ರಕರಣದಲ್ಲಿ ಈ ಗೆರೆ ಎಳೆಯಿತು. ಅಂದರೆ ಆ ಯುವಕ ಬದುಕಿದ್ದರೆ 17ರ ಹುಡುಗನಿಗೂ ಈ ಪರೀಕ್ಷೆ ಇರುತ್ತಿರಲಿಲ್ಲ.

ಮೌಲ್ಯಮಾಪನದಲ್ಲಿ ನೋಡುವುದು ಇಷ್ಟು. ಇಂಥ ಅಪರಾಧ ಮಾಡುವ ಮಾನಸಿಕ, ದೈಹಿಕ ಸಾಮರ್ಥ್ಯ ಮಗುವಿಗೆ ಇತ್ತೇ, ಪರಿಣಾಮ ಅರ್ಥ ಮಾಡಿಕೊಳ್ಳುವ ಶಕ್ತಿ ಇತ್ತೇ, ಯಾವ ಪರಿಸ್ಥಿತಿಯಲ್ಲಿ ನಡೆಯಿತು. ಇದು ವಿಚಾರಣೆ ಅಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಆದರೂ ತೊಡಕು ಇಲ್ಲೇ ಇದೆ. ಮಾಡಿದ್ದಾನೋ ಇಲ್ಲವೋ ಇನ್ನೂ ಗೊತ್ತಿಲ್ಲ, ಆದರೆ ‘ಮಾಡಿದಾಗ ನಿನಗೆ ಅರ್ಥ ಆಗಿತ್ತಾ’ ಎಂದು ಕೇಳಬೇಕು. 2022ರ ಬರುಣ್ ಚಂದ್ರ ಠಾಕೂರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದು ಸೂಕ್ಷ್ಮ ಕೆಲಸ, ಮಂಡಳಿಯಲ್ಲಿ ಮನಶ್ಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದಿತು. ಇದಕ್ಕೆ ಕಾಯ್ದೆ ಕೊಡುವುದು ಮೂರು ತಿಂಗಳು. ಅದು ಮೀರಿದರೆ ಕೇಸೇ ಬಿದ್ದುಹೋಗುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ತೀರ್ಪಾಗಿದೆ.

ಮನಶ್ಶಾಸ್ತ್ರಜ್ಞೆ ಹುಡುಗನನ್ನು ಕೇಳಿದರು: ಚಾಕುವಿನಿಂದ ಹೊಟ್ಟೆಗೆ ಚುಚ್ಚಿದರೆ ಏನಾಗುತ್ತದೆ? ‘ಸಾಯ್ತಾರೆ.’ ಸತ್ತರೆ ನಿನಗೆ ಏನಾಗುತ್ತದೆ? ‘ಮೂರ್ ವರ್ಷ.’ ಯಾರು ಹೇಳಿದರು? ‘ಮಾವ.’ ಈ ಮೂರು ಉತ್ತರಗಳನ್ನು ಹಿಡಿದು ‘ಪರಿಣಾಮ ಗೊತ್ತಿತ್ತು’ ಎಂದೂ ಬರೆಯಬಹುದು, ‘ದೊಡ್ಡವರು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಾನೆ’ ಎಂದೂ ಬರೆಯಬಹುದು.

ವಕೀಲೆ ಜಗಳೂರಿಗೆ ಹೋದರು. ಹೆರಿಗೆ ಆಗಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ, ತಾಯಿಯ ತವರು ಅಲ್ಲೇ ಹತ್ತಿರ. ಆಸ್ಪತ್ರೆಯ ಹೆರಿಗೆ ರಿಜಿಸ್ಟರ್‌ನಲ್ಲಿ ತಾಯಿಯ ಹೆಸರಿತ್ತು, ಗಂಡು ಮಗು ಎಂದಿತ್ತು, 2008ರ ನವೆಂಬರ್ ಎಂದಿತ್ತು. ಜನನ ನೋಂದಣಿಯೂ 21 ದಿನದ ಒಳಗೇ ಆಗಿತ್ತು. ಇದು ಸಣ್ಣ ವಿಷಯವಲ್ಲ. ಕೇಸ್ ಬಿದ್ದ ಮೇಲೆ ಮಾಡಿಸಿದ ತಡವಾದ ನೋಂದಣಿಯನ್ನು ಯಾವ ಕೋರ್ಟಾದರೂ ಅನುಮಾನದಿಂದ ನೋಡುತ್ತದೆ. 2008ರಲ್ಲಿ ಆದ ನೋಂದಣಿಗೆ 2024ರ ಕೊಲೆ ಗೊತ್ತಿರಲು ಸಾಧ್ಯವಿಲ್ಲ.

ವಯಸ್ಸನ್ನು ಮತ್ತೆ ನೋಡಿ ಎಂದು ಮಂಡಳಿಗೆ ಅರ್ಜಿ ಹಾಕಿದರು. ಸರ್ಕಾರಿ ವಕೀಲರು ಎದ್ದು ನಿಂತರು. ಮೊದಲು ಒಂದು ದಿನಾಂಕ ಹಿಡಿದು ಜೈಲಿನಿಂದ ಬಿಡಿಸಿಕೊಂಡರು, ಈಗ ಇನ್ನೊಂದು ದಿನಾಂಕ ತಂದಿದ್ದಾರೆ, ನಾಳೆ ಮತ್ತೊಂದು ತರುತ್ತಾರೆ ಎಂದರು. ಅವರ ಮಾತಿನಲ್ಲಿ ಕಾನೂನಿನ ಬಲವೂ ಇತ್ತು. 94ನೇ ಕಲಮಿನಲ್ಲಿ ಶಾಲೆಯ ಪತ್ರ ಮೊದಲು. ಅದು ಇಲ್ಲದಿದ್ದರೆ ಮಾತ್ರ ಜನನ ಪತ್ರ. ಇಲ್ಲಿ ಶಾಲೆಯ ಪತ್ರ ಇದೆ. ಮಂಡಳಿ ಅರ್ಜಿ ತಳ್ಳಿಹಾಕಿತು.

101ನೇ ಕಲಮಿನಡಿ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹೋಯಿತು. ವಕೀಲೆಯ ವಾದ ಎರಡು ಕಾಲಿನ ಮೇಲೆ ನಿಂತಿತ್ತು. ಒಂದು, ಶಾಲೆ ಕೊಟ್ಟಿರುವುದು ದಾಖಲಾತಿ ಪುಸ್ತಕದ ನಕಲು ಮಾತ್ರ. 2023ರ ಪಿ. ಯುವಪ್ರಕಾಶ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವರ್ಗಾವಣೆ ಪತ್ರ, ದಾಖಲಾತಿ ಪುಸ್ತಕದ ಉದ್ಧೃತ ಭಾಗ ಇವು 94ನೇ ಕಲಮು ಹೇಳುವ ಜನ್ಮ ದಿನಾಂಕ ಪತ್ರ ಅಲ್ಲ ಎಂದಿದೆ. ಹುಡುಗ ಎಸ್ಸೆಸ್ಸೆಲ್ಸಿ ಬರೆದಿಲ್ಲ, ಅಂಕಪಟ್ಟಿ ಇಲ್ಲ. ಹಾಗಾದರೆ ಮುಂದಿನದು ಜನನ ಪತ್ರವೇ. ಎರಡು, ಅಕ್ಕ.

ಅಕ್ಕ ದ್ವಿತೀಯ ಪಿಯು ಪರೀಕ್ಷೆಗೆ ಓದುತ್ತಿದ್ದಳು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದುಕೊಂಡು ಬಂದಳು. ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ ಪುಸ್ತಕ ತಂದಿದ್ದರು. ಅಕ್ಕ, ತಮ್ಮನ ಹೆಸರು ಒಂದರ ಕೆಳಗೆ ಒಂದು, ಒಂದೇ ಕೈಬರಹ, ಒಂದೇ ದಿನ. ಅಕ್ಕನ ಸಾಲಿನ ಕೊನೆಯಲ್ಲಿ ‘ಜನನ ಪ್ರಮಾಣ ಪತ್ರ ನೋಡಿದೆ’ ಎಂದಿತ್ತು. ತಮ್ಮನ ಸಾಲಿನಲ್ಲಿ ಆ ಜಾಗ ಖಾಲಿ.

‘ಈ ಎರಡೂ ದಿನಾಂಕ ಸರಿ ಇರಲು ಸಾಧ್ಯವೇ?’ ಎಂದು ವಕೀಲೆ ಕೇಳಿದರು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿದರು. ‘ಇಲ್ಲ ಮೇಡಂ’ ಎಂದರು. ಯಾವುದು ತಪ್ಪು ಎಂದು ಸರ್ಕಾರಿ ವಕೀಲರು ಕೇಳಿದ್ದಕ್ಕೆ, ಕಾಗದ ಇಲ್ಲದ್ದೇ ತಪ್ಪಿರಬೇಕು ಎಂದರು. ಸರ್ಕಾರಿ ವಕೀಲರು ಮತ್ತೇನೂ ಕೇಳಲಿಲ್ಲ.

ನ್ಯಾಯಾಧೀಶರು ಜನನ ದಾಖಲೆ ಒಪ್ಪಿದರು. ಗೆರೆಯ ಅಂಚಿನಲ್ಲಿರುವ ವಯಸ್ಸಿನಲ್ಲಿ ಎರಡು ಅಭಿಪ್ರಾಯ ಸಾಧ್ಯವಿದ್ದರೆ ಮಗುವಿನ ಕಡೆಗೆ ವಾಲಬೇಕು ಎಂದು 2000ದ ಅರ್ನಿತ್ ದಾಸ್, 2021ರ ರಿಷಿಪಾಲ್ ಸಿಂಗ್ ಸೋಲಂಕಿ ತೀರ್ಪುಗಳಲ್ಲಿ ಹೇಳಿರುವುದನ್ನು ಉಲ್ಲೇಖಿಸಿದರು. ಘಟನೆ ನಡೆದ ದಿನ ವಯಸ್ಸು 15 ವರ್ಷ 11 ತಿಂಗಳು. ಪ್ರಾಥಮಿಕ ಮೌಲ್ಯಮಾಪನ ಅಲ್ಲಿಗೇ ನಿಂತಿತು.

ಹೊರಗೆ ಬೆಂಚಿನ ಮೇಲೆ ಸತ್ತ ಯುವಕನ ತಾಯಿ ಕೂತಿದ್ದಳು. ಯಾರೋ ಆದೇಶ ವಿವರಿಸಿದರು. ‘ಇವನ ವಯಸ್ಸು ಇಷ್ಟು ದಿನ ಎಣಿಸಿದ್ರಿ. ನನ್ನ ಮಗನ ವಯಸ್ಸು ಯಾರೂ ಕೇಳ್ಲಿಲ್ಲಲ್ರಿ’ ಅಂದಳು. ವಕೀಲೆ ಉತ್ತರ ಕೊಡಲಿಲ್ಲ. ಕೊಡಲು ಉತ್ತರವೂ ಇಲ್ಲ. ಸಂತ್ರಸ್ತರ ಕುಟುಂಬಕ್ಕೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪರಿಹಾರ ಕೇಳಲು ಅವಕಾಶವಿದೆ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮು. ಅದನ್ನೂ ಆ ತಾಯಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹುಡುಗನಿಗೆ ಉಚಿತ ವಕೀಲೆ ಕೊಟ್ಟ ಪ್ರಾಧಿಕಾರವೇ ಆ ಅರ್ಜಿಯನ್ನೂ ನೋಡಬೇಕಿತ್ತು.

ಎರಡು ಹೆಜ್ಜೆ

ಇನ್ನು ಮೂಲ ಪ್ರಶ್ನೆ. ಹುಡುಗ ಕೊಲೆಯಲ್ಲಿ ಪಾಲುದಾರನೇ?

ಮಗುವನ್ನೂ ದೊಡ್ಡವರನ್ನೂ ಒಟ್ಟಿಗೆ ವಿಚಾರಣೆ ಮಾಡುವಂತಿಲ್ಲ, 23ನೇ ಕಲಮು. ಹೀಗಾಗಿ ಒಂದೇ ರಾತ್ರಿಯ ಬಗ್ಗೆ ಎರಡು ಕಡೆ ವಿಚಾರಣೆ ನಡೆಯಿತು. ಸೆಷನ್ಸ್ ಕೋರ್ಟಿನಲ್ಲಿ ಮಾವನ ವಕೀಲರು ‘ಚುಚ್ಚಿದ್ದು ಹುಡುಗ’ ಎಂದರು. ಮಂಡಳಿಯಲ್ಲಿ ಹುಡುಗನ ವಕೀಲೆ ‘ಚುಚ್ಚಿದ್ದು ಮಾವ’ ಎಂದರು. ಎರಡೂ ಕಡೆ ಎದುರಿಗೆ ಇಲ್ಲದವನೇ ತಪ್ಪಿತಸ್ಥ. ಈ ವ್ಯವಸ್ಥೆ ಮಗುವಿನ ರಕ್ಷಣೆಗೆ ಬೇಕು, ಒಪ್ಪುತ್ತೇನೆ. ಆದರೆ ಅದರ ಲಾಭ ದೊಡ್ಡವರಿಗೂ ಸಿಗುತ್ತದೆ.

ಠಾಣೆಯ ತಪ್ಪೊಪ್ಪಿಗೆ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಪೊಲೀಸರ ಮುಂದೆ ಹೇಳಿದ್ದನ್ನು ಹೇಳಿದವನ ವಿರುದ್ಧ ಬಳಸುವಂತಿಲ್ಲ. ಹುಡುಗ ತೋರಿಸಿದ ಜಾಗದಲ್ಲಿ ಚಾಕು ಸಿಕ್ಕಿತು, ಅಷ್ಟು ಮಾತ್ರ ನಿಲ್ಲುತ್ತದೆ. ಅದರಿಂದ ಅವನಿಗೆ ಜಾಗ ಗೊತ್ತಿತ್ತು ಎಂದು ಸಾಬೀತಾಗುತ್ತದೆ, ಚುಚ್ಚಿದ್ದು ಯಾರು ಎಂದು ಅಲ್ಲ.

ಮೆಣಸಿನಕಾಯಿ ಮಂಡಕ್ಕಿ ಗಾಡಿಯವನು ಮುಖ್ಯ ಸಾಕ್ಷಿ. ಪೊಲೀಸರ ಮುಂದೆ ‘ಮೂವರೂ ಹಿಡಕಂಡು ಹೊಡೆದರು’ ಎಂದಿದ್ದ. ಮಂಡಳಿಯಲ್ಲಿ ‘ಸಣ್ಣ ಹುಡುಗ ಬೈಕ್ ಹತ್ರ ನಿಂತಿದ್ದ’ ಎಂದ. ಆಗ ಹಾಗೆ ಯಾಕೆ ಹೇಳಿದೆ? ‘ಮೂವರು ಇದ್ದರು ಅಂತ ಹೇಳಿದ್ದೆ ಸಾರ್, ಅವರು ಹಂಗೆ ಬರ್ಕಂಡ್ರು.’

ಉಳಿದದ್ದು ಒಂದು ಅಂಗಡಿಯ ಸಿಸಿಟಿವಿ. ಇರಿತ ನಡೆದ ಜಾಗ ಚೌಕಟ್ಟಿನ ಆಚೆ. ಹುಡುಗ ಮತ್ತು ಬೈಕ್ ಒಳಗೆ. ಒಂದು ಕ್ಷಣದಲ್ಲಿ ಹುಡುಗ ಎರಡು ಹೆಜ್ಜೆ ಮುಂದೆ ಓಡುತ್ತಾನೆ, ನಿಲ್ಲುತ್ತಾನೆ, ಹಿಂದೆ ಬರುತ್ತಾನೆ. ಹಿಡಿದುಕೊಳ್ಳಲು ಓಡಿದ ಎಂದರು ಸರ್ಕಾರಿ ವಕೀಲರು. ಬಿಡಿಸಲು ಓಡಿದ ಎಂದರು ವಕೀಲೆ. ವಿಡಿಯೊದಲ್ಲಿ ಶಬ್ದವಿಲ್ಲ. ಮಂಡಳಿಯವರು ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು.

ಆದೇಶ ಒಮ್ಮತದ್ದಾಗಿರಲಿಲ್ಲ. ಮ್ಯಾಜಿಸ್ಟ್ರೇಟ್ ಮತ್ತು ಒಬ್ಬ ಸದಸ್ಯೆ, ಚಾಕು ಯಾತಕ್ಕೆ ಎಂದು ಹುಡುಗನಿಗೆ ಮೊದಲೇ ಗೊತ್ತಿತ್ತು ಎನ್ನಲು ಪುರಾವೆ ಇಲ್ಲ, ಆದ್ದರಿಂದ ಸಮಾನ ಉದ್ದೇಶ ಸಾಬೀತಾಗಿಲ್ಲ ಎಂದರು. ಇನ್ನೊಬ್ಬ ಸದಸ್ಯರು ಒಪ್ಪಲಿಲ್ಲ. ರಾತ್ರಿ ಹತ್ತೂವರೆಗೆ ಬೀದಿಯಲ್ಲಿ ಯಾರ ಚೀಲ ಕೊಯ್ಯುತ್ತಾರೆ, ಭಟ್ಟಿಯಲ್ಲಿ ವರ್ಷಗಟ್ಟಲೆ ದುಡಿದ ಹುಡುಗನಿಗೆ ಅಷ್ಟೂ ಹೊಳೆಯಲಿಲ್ಲವೇ ಎಂದು ಬರೆದರು. ಆ ಪ್ರಶ್ನೆಯನ್ನು ನಾನು ಸುಮ್ನೆ ತಳ್ಳಿಹಾಕಲಾರೆ. ಆದರೆ ಅನುಮಾನದ ಮೇಲೆ ಕೊಲೆ ಹೊರಿಸಲು ಆಗುವುದಿಲ್ಲ. ಬಹುಮತದ ತೀರ್ಮಾನವೇ ಮಂಡಳಿಯ ತೀರ್ಮಾನ.

ಚಾಕು ಬಚ್ಚಿಟ್ಟದ್ದು ಮಾತ್ರ ಸಾಬೀತಾಯಿತು. ಸಾಕ್ಷ್ಯ ಮರೆಮಾಚುವುದು, ನ್ಯಾಯ ಸಂಹಿತೆಯ 238ನೇ ಕಲಮು. ಅದಕ್ಕೆ ವಿಶೇಷ ಗೃಹಕ್ಕೆ ಕಳಿಸಲಿಲ್ಲ. ಒಂದು ವರ್ಷ ತಾಯಿಯ ಜವಾಬ್ದಾರಿಯಲ್ಲಿ ಇರಬೇಕು, ಪರಿವೀಕ್ಷಣಾಧಿಕಾರಿ ಮುಂದೆ ಹಾಜರಾಗುತ್ತಿರಬೇಕು, ಆಪ್ತ ಸಮಾಲೋಚನೆಗೆ ಹೋಗಬೇಕು, ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ತಯಾರಾಗಬೇಕು, ಭಟ್ಟಿಗೆ ಹೋಗಬಾರದು. 24ನೇ ಕಲಮಿನ ಪ್ರಕಾರ ಇದು ಮುಂದೆ ಅವನ ಕೆಲಸಕ್ಕೆ, ಓದಿಗೆ ಅಡ್ಡ ಬರುವಂತಿಲ್ಲ.

ಕೊಲೆ ಆರೋಪದಿಂದ ಬಿಟ್ಟದ್ದನ್ನು ಪ್ರಶ್ನಿಸಿ ಸರ್ಕಾರ ಮೇಲ್ಮನವಿ ಹಾಕುವಂತಿಲ್ಲ. 16 ದಾಟಿದವರ ಘೋರ ಅಪರಾಧದ ಕೇಸಾಗಿದ್ದರೆ ಹಾಕಬಹುದಿತ್ತು. ಇಲ್ಲೂ ಆ ಒಂದು ತಿಂಗಳೇ ಕೆಲಸ ಮಾಡಿತು. ಹೈಕೋರ್ಟಿಗೆ ಪರಿಷ್ಕರಣೆ ಅಧಿಕಾರ, ಅಂದರೆ ಕೆಳಗಿನ ಆದೇಶ ಸರಿಯಿದೆಯೇ ಎಂದು ನೋಡುವ ಅಧಿಕಾರ ಇದೆ, ಯಾರೂ ಹೋಗಿಲ್ಲ.

ಸೆಷನ್ಸ್ ಕೇಸು ಇನ್ನೂ ನಡೆಯುತ್ತಿದೆ. ಹುಡುಗನಿಗೆ ಅಲ್ಲಿಂದ ಸಮನ್ಸ್ ಬಂದಿದೆ, ಮಾವನ ವಿರುದ್ಧ ಪ್ರಾಸಿಕ್ಯೂಷನ್ ಸಾಕ್ಷಿಯಾಗಿ. ಅಜ್ಜಿ ಊರಿನಲ್ಲಿ ಇದೇ ಈಗಿನ ಜಗಳ. ಮಗ ಜೈಲು ಸೇರಿದರೆ ಮೊಮ್ಮಗನೇ ಕಾರಣ ಎನ್ನುತ್ತಾಳೆ ಅಜ್ಜಿ. ತಾಯಿ ಯಾರ ಕಡೆಗೂ ಮಾತಾಡುವುದಿಲ್ಲ. ಮಂಡಳಿಯಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳು, ಒಂದು ಮಾತು ಹೆಚ್ಚೂ ಬೇಡ ಕಡಿಮೆಯೂ ಬೇಡ ಎಂದು ವಕೀಲೆ ಹುಡುಗನಿಗೆ ಹೇಳಿದ್ದಾರೆ. ಸಾಕ್ಷಿ ಹೇಳುವಾಗ ಕೋಣೆಯಲ್ಲಿ ಹೊರಗಿನವರು ಇರಬಾರದು, ತೀರ್ಪಿನಲ್ಲಿ ಅವನ ಹೆಸರು ಬರಬಾರದು ಎಂದು ಅರ್ಜಿಯನ್ನೂ ಹಾಕಿದ್ದಾರೆ.